ಹುಟ್ಟಿದ ಊರು, ದುಡಿಯುವ ಊರು: ಮಂಡ್ಯ ಜಿಲ್ಲೆಯ ಜನ ಮತ್ತು ಉದ್ಯೋಗದ ಚರಿತ್ರೆ



ನಮ್ಮ ಸಂಘವು ಇಪ್ಪತ್ತೈದು ವರ್ಷ ಪೂರೈಸಿದ ಈ ಸಂಭ್ರಮದಲ್ಲಿ ಹೊರತರುತ್ತಿರುವ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ಹಾಲಿನ ಲೆಕ್ಕ, ಫ್ಯಾಟಿನ ಲೆಕ್ಕ, ಬೋನಸ್ಸಿನ ಲೆಕ್ಕವನ್ನು ಕಾರ್ಯದರ್ಶಿಗಳು ತಮ್ಮ ವರದಿಯಲ್ಲಿ ಕೊಟ್ಟೇ ಕೊಡುತ್ತಾರೆ. ಆದ್ದರಿಂದ ನಾನು ಬೇರೆ ಒಂದು ಲೆಕ್ಕ ಹಿಡಿದಿದ್ದೇನೆ. ಅದು ಜನರ ಲೆಕ್ಕ. ನಮ್ಮ ಮಂಡ್ಯ ಜಿಲ್ಲೆಯಲ್ಲಿ ಜನ ಎಷ್ಟಿದ್ದರು, ಎಷ್ಟಾದರು, ಯಾವ ಕೆಲಸ ಮಾಡಿ ಉಂಡರು, ಈಗ ಎಲ್ಲಿಗೆ ಹೋಗುತ್ತಿದ್ದಾರೆ ಎಂಬ ಲೆಕ್ಕ. ಹಾಲಿನ ಸಂಘಕ್ಕೂ ಜನಗಣತಿಗೂ ಏನ್ರೀ ಸಂಬಂಧ ಅಂತ ಯಾರಾದರೂ ಕೇಳಬಹುದು. ಸಂಬಂಧ ಇದೆ. ಹಸು ಕಟ್ಟೋರು ಊರಲ್ಲಿ ಇದ್ದರೆ ಸಂಘ ಇರುತ್ತದೆ. ಇಲ್ಲದಿದ್ದರೆ ಕಟ್ಟಡ ಇರುತ್ತದೆ, ಸಂಘ ಇರೋದಿಲ್ಲ.

ಸಾವು ಲೆಕ್ಕ ಬರೆದ ಕಾಲ

ಹಳೆಯ ಮೈಸೂರು ಸಂಸ್ಥಾನದಲ್ಲಿ ಕ್ರಮಬದ್ಧವಾದ ಮೊದಲನೆಯ ಜನಗಣತಿ ನಡೆದದ್ದು 1871ರಲ್ಲಿ. ಆಗ ಇಡೀ ಸಂಸ್ಥಾನದ ಜನಸಂಖ್ಯೆ 50 ಲಕ್ಷದ ಮೇಲಿತ್ತು. ಹತ್ತು ವರ್ಷ ಬಿಟ್ಟು 1881ರಲ್ಲಿ ಎಣಿಸಿದಾಗ ಅದು 42 ಲಕ್ಷಕ್ಕಿಂತ ಕೆಳಗೆ ಇಳಿದಿತ್ತು. ಮಧ್ಯೆ ಬಂದದ್ದು 1876ರಿಂದ 1878ರವರೆಗಿನ ಮಹಾ ಕ್ಷಾಮ. ಧಾತು ಈಶ್ವರ ಸಂವತ್ಸರಗಳ ಬರ ಎಂದು ನಮ್ಮ ಹಿರಿಯರು ಹೇಳುತ್ತಿದ್ದದ್ದು ಇದನ್ನೇ. ಮಳೆ ಹೋಯಿತು, ದನ ಹೋದವು, ಆಮೇಲೆ ಜನ ಹೋದರು. ಅದಾದ ಮೇಲೆ 1898ರಿಂದ ಪ್ಲೇಗು ಮಾರಿ, 1918ರಲ್ಲಿ ಇನ್‌ಫ್ಲುಯೆಂಜಾ ಜ್ವರ. ಪ್ಲೇಗು ಬಂದಾಗ ಊರಿಗೆ ಊರೇ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕತೆ ನಮ್ಮ ಕಡೆ ಎಲ್ಲ ಊರಲ್ಲೂ ಇದೆ.

ಆ ಕಾಲದಲ್ಲಿ ಜನಸಂಖ್ಯೆ ಎಷ್ಟು ಅನ್ನೋದನ್ನ ತೀರ್ಮಾನ ಮಾಡುತ್ತಿದ್ದದ್ದು ಮಳೆ ಮತ್ತು ಕಾಯಿಲೆ. ಹೆತ್ತದ್ದು ಎಂಟು, ಉಳಿದದ್ದು ಮೂರು ಎನ್ನುವ ಮನೆಗಳೇ ಹೆಚ್ಚು. ಉದ್ಯೋಗ ಅಂದರೆ ಬೇಸಾಯ ಒಂದೇ. ರಾಗಿ, ಹುರುಳಿ, ಕೆರೆ ಕೆಳಗೆ ಇದ್ದೋರಿಗೆ ಒಂದಿಷ್ಟು ಭತ್ತ. ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ಹಳೆಯ ಅಣೆಕಟ್ಟೆ ನಾಲೆಗಳಿದ್ದವು ನಿಜ. ಆದರೆ ಮಂಡ್ಯ, ಮದ್ದೂರು, ಮಳವಳ್ಳಿಯ ಬಹುಭಾಗ ಆಗ ಒಣ ಬಯಲು. ನದಿ ಪಕ್ಕದಲ್ಲೇ ಹರಿದುಹೋಗುತ್ತಿತ್ತು, ಹೊಲಕ್ಕೆ ಹತ್ತುತ್ತಿರಲಿಲ್ಲ.

ಇದೇ ನದಿಯಿಂದ 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ತೆಗೆದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯಲ್ಲಿ ಸಾಗಿಸಿದರು. 1905ರಲ್ಲಿ ಬೆಂಗಳೂರಿನ ಬೀದಿಗೂ ದೀಪ ಬಂತು. ವಿದ್ಯುತ್ ಹುಟ್ಟಿದ್ದು ನಮ್ಮ ಮಳವಳ್ಳಿ ಸೀಮೆಯಲ್ಲಿ, ಅದರಿಂದ ಕೆಲಸ ಹುಟ್ಟಿದ್ದು ಬೇರೆ ಕಡೆ. ಈ ಮಾತನ್ನು ಜ್ಞಾಪಕದಲ್ಲಿ ಇಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಜನ ನಮ್ಮ ಕಡೆಗೆ ಬಂದ ಕಾಲ

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ಹಾಕಿದ ಯೋಜನೆಯಂತೆ 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಮುಗಿಯುವುದಕ್ಕೆ ಇಪ್ಪತ್ತು ವರ್ಷ ಹಿಡಿಯಿತು. ಹಳೆಯ ಕನ್ನಂಬಾಡಿಯೂ ಸೇರಿ ಹಲವು ಊರುಗಳು ಮುಳುಗಿದವು. ಆ ಊರಿನವರು ಮನೆ ಮಠ ಬಿಟ್ಟು ಎದ್ದು ಬಂದದ್ದರಿಂದ ನಮಗೆ ನೀರು ಬಂತು ಅನ್ನೋದನ್ನ ನಾಲೆ ಬಯಲಿನೋರು ಮರೆಯಬಾರದು. 1930ರ ದಶಕದ ಆರಂಭದಲ್ಲಿ ಹುಲಿಕೆರೆ ಗುಡ್ಡದ ಸುರಂಗ ದಾಟಿ ಇರ್ವಿನ್ ನಾಲೆ ಹರಿಯಿತು. ಈಗ ಅದನ್ನು ವಿಶ್ವೇಶ್ವರಯ್ಯ ನಾಲೆ, ವಿ.ಸಿ. ನಾಲೆ ಎನ್ನುತ್ತೇವೆ.

ನೀರು ಬಂದರೆ ಸಾಲದು, ಬೆಳೆದದ್ದು ಮಾರಾಟವಾಗಬೇಕು. ಅದಕ್ಕೆ ದಾರಿ ಹುಡುಕಿದವರು ಆಗ ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾ ದೇಶದ ಡಾ. ಲೆಸ್ಲಿ ಕೋಲ್ಮನ್ ಅವರು. ಅವರ ಪ್ರಯತ್ನದಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಸ್ಥಾಪನೆಯಾಯಿತು. ನಮ್ಮೋರ ಬಾಯಲ್ಲಿ ಅದು ಮೈಷುಗರ್. 1939ರ ಜುಲೈ 1ರಂದು ಮೈಸೂರು ಜಿಲ್ಲೆಯಿಂದ ಏಳು ತಾಲ್ಲೂಕುಗಳನ್ನು ಬಿಡಿಸಿ ಮಂಡ್ಯ ಜಿಲ್ಲೆ ಮಾಡಿದರು. ನಾಲೆ, ಕಾರ್ಖಾನೆ, ಜಿಲ್ಲೆ, ಮೂರೂ ಹತ್ತು ವರ್ಷದ ಒಳಗೆ ಬಂದವು.

ಆಗ ನಮ್ಮ ಜಿಲ್ಲೆ ಜನ ಬಿಟ್ಟು ಹೋಗುವ ಜಾಗವಾಗಿರಲಿಲ್ಲ, ಜನ ಹುಡುಕಿಕೊಂಡು ಬರುವ ಜಾಗ. ಕಾರ್ಖಾನೆ ಕೆಲಸಕ್ಕೆ, ಗದ್ದೆ ಕೆಲಸಕ್ಕೆ, ಕಬ್ಬು ಕಡಿಯುವುದಕ್ಕೆ ಬೇರೆ ಸೀಮೆಯವರು ಬಂದರು. ಮಂಡ್ಯ ಪಟ್ಟಣದ ತಮಿಳು ಕಾಲೋನಿ ಆ ಕಾಲದ ಗುರುತು. ಒಣ ಸೀಮೆಯೋರು ನಾಲೆ ಸೀಮೆಗೆ ಹೆಣ್ಣು ಕೊಡುವುದಕ್ಕೆ ಮುಂದೆ ಬೀಳುತ್ತಿದ್ದರು. “ಮಗಳು ಅನ್ನ ಉಣ್ತಾಳೆ” ಅನ್ನೋದೇ ದೊಡ್ಡ ಮಾತು. ರಾಗಿ ಮುದ್ದೆ ಉಂಡು ಬೆಳೆದೋರಿಗೆ ದಿನಾ ಅನ್ನ ಅನ್ನೋದು ಸಾಮಾನ್ಯ ಸಂಗತಿ ಆಗಿರಲಿಲ್ಲ.

ಎರಡು ಹಳ್ಳಿಗಳ ಕತೆ

ಇಲ್ಲಿ ಒಂದು ವಿಶೇಷ ಸಂಗತಿ ಹೇಳಬೇಕು. 1954ರಿಂದ 1956ರವರೆಗೆ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಮಹಿಳೆ ಇಂಗ್ಲೆಂಡಿನಿಂದ ಬಂದು ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ ಅಧ್ಯಯನ ಮಾಡಿದರು. ಹಳ್ಳಿಗಳ ಹೆಸರು ಬದಲಿಸಿ ಒಂದಕ್ಕೆ ವಂಗಲ, ಇನ್ನೊಂದಕ್ಕೆ ದಾಲೇನ ಎಂದು ಕರೆದು 1962ರಲ್ಲಿ ಪುಸ್ತಕ ತಂದರು. ಆಮೇಲೆ 1970ರಲ್ಲಿ ಮತ್ತೆ ಬಂದು ನೋಡಿದರು.

ವಂಗಲಕ್ಕೆ ನಾಲೆ ನೀರು ಹತ್ತಿತು. ದಾಲೇನದ ಜಮೀನು ನಾಲೆಗಿಂತ ಎತ್ತರ, ಅದಕ್ಕೆ ನೀರು ಹತ್ತಲಿಲ್ಲ. ಯಾವ ಊರು ಹೆಚ್ಚು ಬದಲಾಯಿತು ಎಂದರೆ, ನೀರು ಹತ್ತದ ದಾಲೇನ. ನೀರು ಸಿಕ್ಕ ಊರಿನವರು ಕಬ್ಬು ಭತ್ತ ಬೆಳೆದು ದುಡ್ಡು ಕಂಡರು. ಆದರೆ ಕೆಲಸ ಅದೇ ಬೇಸಾಯ, ಊರಿನ ನಡವಳಿಕೆಯೂ ಹಿಂದಿನದೇ. ನೀರು ಸಿಗದ ಊರಿನವರು ಸುಮ್ಮನೆ ಕೂರಲಿಲ್ಲ. ಕಾರ್ಖಾನೆ ಕೆಲಸಕ್ಕೆ ಸೇರಿದರು, ಗಾಡಿ ಕಟ್ಟಿದರು, ಗುತ್ತಿಗೆ ಹಿಡಿದರು, ಮಿಲ್ಲು ಅಂಗಡಿ ಇಟ್ಟರು, ಪಕ್ಕದ ಊರಿನಲ್ಲಿ ನೀರಾವರಿ ಜಮೀನನ್ನೂ ಕೊಂಡರು.

ನಮ್ಮ ಜಿಲ್ಲೆಯ ಮುಂದಿನ ಐವತ್ತು ವರ್ಷದ ಚರಿತ್ರೆಗೆ ಇದೇ ಬೀಗದ ಕೈ ಎಂದು ನನ್ನ ಭಾವನೆ. ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಒಣ ಹಳ್ಳಿಗಳಿಂದ ಜನ ಬಹಳ ಹಿಂದೆಯೇ ಬೊಂಬಾಯಿಗೆ ಹೊರಟರು. ಹೋಟೆಲು, ಟ್ಯಾಕ್ಸಿ, ಕಟ್ಟಡ ಕೆಲಸ, ಸಣ್ಣ ವ್ಯಾಪಾರ ಏನಾದರೂ ಸರಿ. ಒಬ್ಬ ಹೋಗಿ ರೂಮು ಹಿಡಿದರೆ ಅವನ ಹಿಂದೆ ಹತ್ತು ಜನ ಊರೋರು. ನಾವು ನಾಲೆ ಬಯಲಿನೋರು ಅವರನ್ನು ನೋಡಿ “ಪಾಪ, ನೀರಿಲ್ಲ, ಗುಳೆ ಹೋದ್ರು” ಎಂದೆವು. ನಮ್ಮ ಮನೆ ಹೈಕಳು ಹೊರಡೋ ಸರದಿ ಇಪ್ಪತ್ತು ಮೂವತ್ತು ವರ್ಷ ತಡವಾಗಿ ಬಂತು, ಅಷ್ಟೇ ವ್ಯತ್ಯಾಸ.

ಏರಿದ ಲೆಕ್ಕ, ನಿಂತ ಲೆಕ್ಕ

ಈಗ ಜನಗಣತಿಯ ಅಂಕಿಗಳನ್ನು ನೋಡೋಣ. ಮಂಡ್ಯ ಜಿಲ್ಲೆಯ ಜನಸಂಖ್ಯೆ ಹೀಗಿದೆ:

1961ರಲ್ಲಿ ಸುಮಾರು 9 ಲಕ್ಷ.
1971ರಲ್ಲಿ 11 ಲಕ್ಷ 54 ಸಾವಿರ.
1981ರಲ್ಲಿ 14 ಲಕ್ಷ 18 ಸಾವಿರ.
1991ರಲ್ಲಿ 16 ಲಕ್ಷ 44 ಸಾವಿರ.
2001ರಲ್ಲಿ 17 ಲಕ್ಷ 64 ಸಾವಿರ.
2011ರಲ್ಲಿ 18 ಲಕ್ಷ 6 ಸಾವಿರ.

1961ರಿಂದ 1971ರ ಹತ್ತು ವರ್ಷದಲ್ಲಿ ನೂರಕ್ಕೆ 28ರಂತೆ ಏರಿದ್ದ ಜನಸಂಖ್ಯೆ, ಮುಂದಿನ ಹತ್ತು ವರ್ಷದಲ್ಲಿ ನೂರಕ್ಕೆ 23, ಆಮೇಲೆ 16, ಆಮೇಲೆ 7, ಕೊನೆಗೆ 2001ರಿಂದ 2011ರಲ್ಲಿ ನೂರಕ್ಕೆ ಎರಡೂವರೆಗಿಂತಲೂ ಕಡಿಮೆ. ಆ ಹತ್ತು ವರ್ಷದಲ್ಲಿ ಇಡೀ ಜಿಲ್ಲೆಯಲ್ಲಿ ಹೆಚ್ಚಾದವರು 42 ಸಾವಿರ ಮಂದಿ ಮಾತ್ರ. ಅದೇ ಹತ್ತು ವರ್ಷದಲ್ಲಿ ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಹೋಯಿತು. ಅಂದರೆ 30 ಲಕ್ಷಕ್ಕೂ ಹೆಚ್ಚು. ರಾಜ್ಯದ ಸರಾಸರಿ ಏರಿಕೆ ನೂರಕ್ಕೆ 15.6.

ಇದು ನಮ್ಮೊಬ್ಬರ ಕತೆಯೂ ಅಲ್ಲ. ಹಾಸನ ನೂರಕ್ಕೆ 3ರಷ್ಟು, ಕೊಡಗು ನೂರಕ್ಕೆ ಒಂದರಷ್ಟು ಮಾತ್ರ ಏರಿದವು. ಚಿಕ್ಕಮಗಳೂರಿನಲ್ಲಿ ಏರುವ ಬದಲು ಇಳಿಯಿತು. ರಾಜ್ಯದಲ್ಲಿ ಆ ಸಲ ಹಾಗೆ ಇಳಿದ ಜಿಲ್ಲೆ ಅದೊಂದೇ.

ಏರಿಕೆ ನಿಂತದ್ದಕ್ಕೆ ಎರಡು ಕಾರಣ. ಮೊದಲನೆಯದು, ಮಕ್ಕಳು ಕಡಿಮೆಯಾದದ್ದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992–93ರಲ್ಲಿ ಕರ್ನಾಟಕದಲ್ಲಿ ಒಬ್ಬ ತಾಯಿಗೆ ಸರಾಸರಿ 2.85 ಮಕ್ಕಳು. 2019–21ರ ಸಮೀಕ್ಷೆಯಲ್ಲಿ ಅದು 1.7. ತಂದೆ ತಾಯಿಯ ಜಾಗ ತುಂಬುವುದಕ್ಕೇ 2.1 ಬೇಕು ಎಂದು ತಿಳಿದವರು ಹೇಳುತ್ತಾರೆ. ಇದರಲ್ಲಿ ಒಳ್ಳೆಯದೂ ಇದೆ. ಹುಟ್ಟಿದ ಮಗು ಬದುಕುತ್ತದೆ ಎಂಬ ಧೈರ್ಯ ಬಂದದ್ದರಿಂದಲೇ ಮನೆಗೆ ಎರಡು, ಒಂದು ಸಾಕು ಎಂಬ ಮನಸ್ಸು ಬಂತು. ತಾಯಂದಿರ ಆರೋಗ್ಯ ಸುಧಾರಿಸಿತು, ಮಕ್ಕಳು ಶಾಲೆಗೆ ಹೋದರು.

ಎರಡನೆಯ ಕಾರಣ, ವಲಸೆ. 2001ರಿಂದ 2011ರ ನಡುವೆ ಹುಟ್ಟು ಸಾವಿನ ವ್ಯತ್ಯಾಸದಿಂದಲೇ ನೂರಕ್ಕೆ ಎರಡೂವರೆಗಿಂತ ಎಷ್ಟೋ ಹೆಚ್ಚು ಏರಬೇಕಿತ್ತು. ಏರಲಿಲ್ಲ ಅಂದರೆ ಆ ಉಳಿದ ಜನ ಹೊರಗೆ ಹೋಗಿದ್ದಾರೆ ಎಂದೇ ಅರ್ಥ. ಹೋದವರು ಮುದುಕರಲ್ಲ. ಹದಿನೆಂಟರಿಂದ ನಲವತ್ತರ ಒಳಗಿನ ದುಡಿಯುವ ಕೈಗಳು.

ಓದು ತೆರೆದ ದಾರಿ

ಹೋದದ್ದು ಹೇಗೆ ಎಂದು ನೋಡಿದರೆ ಮೂರು ಅಲೆಗಳು ಕಾಣುತ್ತವೆ.

ಮೊದಲನೆಯದು ಸರ್ಕಾರಿ ನೌಕರಿಯ ಅಲೆ. 1962ರಲ್ಲಿ ಕೆ.ವಿ. ಶಂಕರಗೌಡರ ನೇತೃತ್ವದಲ್ಲಿ ಮಂಡ್ಯದಲ್ಲಿ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜು ಪ್ರಾರಂಭವಾಯಿತು. ಆದಿಚುಂಚನಗಿರಿ ಮಠದ ಶಾಲೆ ಕಾಲೇಜುಗಳು ಬಂದವು. ಕಬ್ಬಿನ ದುಡ್ಡಿನಲ್ಲಿ ರೈತನ ಮಗ ಓದಿದ. ಮೇಷ್ಟ್ರು, ಪೊಲೀಸು, ಬಸ್ ಕಂಡಕ್ಟರು, ಕೆ.ಇ.ಬಿ. ಲೈನ್‌ಮನ್, ಇಂಜಿನಿಯರು ಆದ. ಮನೆಗೊಬ್ಬ ನೌಕರಿ, ಉಳಿದೋರು ಬೇಸಾಯ. ಆ ನೌಕರಿಯವನು ತಿಂಗಳು ತಿಂಗಳು ದುಡ್ಡು ಕಳಿಸುತ್ತಿದ್ದ, ಹಬ್ಬಕ್ಕೆ ಬರುತ್ತಿದ್ದ. ಆಗ ಊರಿಗೆ ನಷ್ಟವಾಗಲಿಲ್ಲ, ಲಾಭವೇ ಆಯಿತು.

ಎರಡನೆಯದು ಕಾರ್ಖಾನೆಯ ಅಲೆ. ಪೀಣ್ಯ, ಆಮೇಲೆ ಬಿಡದಿ. ಬಿಡದಿಯಲ್ಲಿ ಟೊಯೋಟಾ ಕಾರಿನ ಕಾರ್ಖಾನೆ 1999ರಲ್ಲಿ ಕಾರು ತಯಾರಿಸಲು ಆರಂಭಿಸಿತು. ಐ.ಟಿ.ಐ., ಡಿಪ್ಲೊಮಾ ಮಾಡಿದ ನಮ್ಮ ಹುಡುಗರಿಗೆ ಆ ದಾರಿ ಕಂಡಿತು. ಇದೇ ಹೊತ್ತಿನಲ್ಲಿ ನಮ್ಮಲ್ಲೇ ಇದ್ದ ಕೆಲಸಗಳು ಕರಗಿದವು. ಮಂಡ್ಯದ ಅಸಿಟೇಟ್ ಕಾರ್ಖಾನೆ ಮುಚ್ಚಿತು. ಮೈಷುಗರ್ ಹಲವು ವರ್ಷ ಸರಿಯಾಗಿ ನಡೆಯದೆ, ಕೆಲವು ವರ್ಷ ಪೂರ್ತಿ ನಿಂತು, 2022ರಲ್ಲಿ ಮತ್ತೆ ಕಬ್ಬು ನುರಿಸಲು ಶುರು ಮಾಡಿತು. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆಯನ್ನು 2020ರಲ್ಲಿ 40 ವರ್ಷದ ಗುತ್ತಿಗೆಗೆ ಖಾಸಗಿಯವರಿಗೆ ಕೊಡಲಾಯಿತು. ನಾವು ಸಹಕಾರಿಗಳು ಇದರಿಂದ ಕಲಿಯಬೇಕಾದ ಪಾಠ ಬಹಳ ಇದೆ.

ಮೂರನೆಯದು ಈಗಿನ ಅಲೆ. ಇದರಲ್ಲಿ ಸಾಫ್ಟ್‌ವೇರ್ ಇಂಜಿನಿಯರೂ ಇದ್ದಾನೆ, ಕ್ಯಾಬ್ ಡ್ರೈವರೂ ಇದ್ದಾನೆ, ಅಪಾರ್ಟ್‌ಮೆಂಟ್ ಸೆಕ್ಯೂರಿಟಿಯೂ ಇದ್ದಾನೆ, ಬೈಕಿನಲ್ಲಿ ಊಟ ಹಂಚುವ ಹುಡುಗನೂ ಇದ್ದಾನೆ. ಊರಲ್ಲಿ ಎಲ್ಲರಿಗೂ ಒಂದೇ ಹೆಸರು: “ಬೆಂಗ್ಳೂರಲ್ಲವ್ನೆ.” ಆದರೆ ಒಬ್ಬೊಬ್ಬನ ಪಾಡು ಒಂದೊಂದು. ದೂರದ ಬೆಟ್ಟ ನುಣ್ಣಗೆ.

ಹೆಣ್ಣುಮಕ್ಕಳ ದುಡಿಮೆ ಈ ಅಲೆಯ ಹೊಸ ಸಂಗತಿ. ಬೆಳಗಾಗುವ ಮುಂಚೆ ಹಾಲು ಕರೆದು ಡೇರಿಗೆ ಹಾಕಿ, ಅಡಿಗೆ ಮಾಡಿಟ್ಟು, ಗಾರ್ಮೆಂಟ್ಸ್ ವ್ಯಾನು ಹತ್ತುವ ಹೆಣ್ಣುಮಕ್ಕಳು ಈಗ ನಾಲೆ ಬಯಲಿನ ಹಳ್ಳಿಗಳಲ್ಲೆಲ್ಲ ಇದ್ದಾರೆ. 2023ರ ಜೂನ್‌ನಲ್ಲಿ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಬಂದ ಮೇಲೆ ಕೆಲಸಕ್ಕೆ ಹೋಗಿಬರುವುದು ಇನ್ನೂ ಸುಲಭವಾಯಿತು. ಈ ಕೆಲಸಕ್ಕೆ ಭದ್ರತೆ ಇದೆಯೇ ಎಂದರೆ ಒಂದು ಉದಾಹರಣೆ ಸಾಕು. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಒಂದು ಗಾರ್ಮೆಂಟ್ಸ್ ಕಾರ್ಖಾನೆ ಸುಮಾರು 1,200 ಕೆಲಸಗಾರರನ್ನು ಒಮ್ಮೆಗೇ ನಿಲ್ಲಿಸಿತು. ಅವರಲ್ಲಿ ಬಹುಪಾಲು ಹೆಂಗಸರು. ಗೇಟಿನ ಮುಂದೆ ವಾರಗಟ್ಟಲೆ ಕೂತು ಹೋರಾಟ ಮಾಡಿದರು.

ಅದೇ 2020ರ ಮಾರ್ಚ್‌ನಲ್ಲಿ ಕೊರೊನಾ ಲಾಕ್‌ಡೌನ್ ಬಂದಾಗ ಹೋದೋರೆಲ್ಲ ಊರಿಗೆ ವಾಪಸ್ಸು ಬಂದರು. ಮುಂಬಯಿಯಿಂದ ಬಂದ ಕೆ.ಆರ್. ಪೇಟೆ, ನಾಗಮಂಗಲದವರನ್ನು ಕಂಡು ಎಷ್ಟೋ ಊರುಗಳು ಬಾಗಿಲು ಹಾಕಿಕೊಂಡವು. ವರ್ಷಾನುಗಟ್ಟಲೆ ದೇವಸ್ಥಾನಕ್ಕೆ, ಜಾತ್ರೆಗೆ ಚಂದಾ ಕಳಿಸಿದವರನ್ನೇ ದೂರ ನಿಲ್ಲಿಸಿದ್ದು ನೆನೆದರೆ ಬೇಸರವಾಗುತ್ತದೆ. ಆದರೆ ಇನ್ನೊಂದು ಕಡೆ, ಆ ಮೂರು ನಾಲ್ಕು ತಿಂಗಳು ಪಾಳು ಬಿದ್ದ ಎಷ್ಟೋ ಜಮೀನು ಉಳುಮೆ ಕಂಡವು. ಪೇಟೆಯಲ್ಲಿ ಎಲ್ಲ ನಿಂತರೂ ಡೇರಿ ಒಂದು ಹೊತ್ತೂ ನಿಲ್ಲಲಿಲ್ಲ. ಕೆಲಸ ಕಳೆದುಕೊಂಡು ಬಂದ ಮಕ್ಕಳಿಗೆ ಅನ್ನ ಹಾಕಿದ್ದು ಹಸು ಎಂಬುದನ್ನು ಯಾರೂ ಮರೆಯಬಾರದು.

ಆಳಿಲ್ಲ, ಕೆಲಸವೂ ಇಲ್ಲ

ಊರ ಕಟ್ಟೆಯ ಮೇಲೆ ದಿನಾ ಎರಡು ಮಾತು ಕೇಳುತ್ತೇವೆ. “ನಾಟಿಗೆ ಆಳು ಸಿಕ್ತಿಲ್ಲ ಕಣ್ರಪ್ಪ” ಅನ್ನೋದು ಒಂದು. “ನಮ್ ಹುಡುಗ ಓದವ್ನೆ, ಕೆಲ್ಸ ಸಿಕ್ತಿಲ್ಲ” ಅನ್ನೋದು ಇನ್ನೊಂದು. ಎರಡೂ ಒಂದೇ ಮನೆಯಿಂದ ಬರುತ್ತವೆ. ಇದು ಹೇಗೆ ಸಾಧ್ಯ?

ಕಾರಣ ಸರಳವಾಗಿದೆ. ತಾತನ ಕಾಲದ ಆರು ಎಕರೆ ಮೂರು ಮಕ್ಕಳಿಗೆ ಹಂಚಿ ಎರಡು ಎಕರೆ ಆಯಿತು. ಅದು ಮತ್ತೆ ಹಂಚಿ ಇವತ್ತು ಒಂದೊಂದು ಪಾಲು ಇಪ್ಪತ್ತು ಮೂವತ್ತು ಗುಂಟೆ. ಅಷ್ಟರಲ್ಲಿ ಒಬ್ಬ ದುಡಿಯುವ ಹುಡುಗನಿಗೆ ವರ್ಷವೆಲ್ಲ ಕೆಲಸ ಇರುವುದಿಲ್ಲ. ನಾಟಿ, ಕಳೆ, ಕುಯಿಲು ಬಂದಾಗ ಮಾತ್ರ ಒಂದೇ ಸಲ ಹತ್ತು ಆಳು ಬೇಕು. ವರ್ಷದಲ್ಲಿ ಅರವತ್ತು ದಿನ ಕೆಲಸ ಇರುವ ಕಡೆ ಮುನ್ನೂರ ಅರವತ್ತೈದು ದಿನ ಕಾಯುತ್ತಾ ಕೂರುವವನು ಯಾರು? ಅದಕ್ಕೆ ಹುಡುಗ ಹೋಗುತ್ತಾನೆ, ಆಳಿಗೆ ಕೊರತೆ ಬೀಳುತ್ತದೆ. ಆಲೆಮನೆಗಳಿಗೆ ಉತ್ತರ ಪ್ರದೇಶ, ಬಿಹಾರದ ಕಡೆಯಿಂದ ಕೂಲಿಗಳು ಬಂದಿದ್ದಾರೆ. ನಮ್ಮ ಹುಡುಗ ಬೆಂಗಳೂರಿಗೆ, ಅವರ ಹುಡುಗ ನಮ್ಮ ಆಲೆಮನೆಗೆ. ಅವನೂ ಯಾರದೋ ಮನೆಯ ಮಗ ಎಂದು ತಿಳಿದು ನಡೆಸಿಕೊಳ್ಳಬೇಕು.

ಇನ್ನು ಬೆಲೆ ಮತ್ತು ನೀರಿನ ಅನಿಶ್ಚಿತ. 2015ರಲ್ಲಿ ಕಬ್ಬಿನ ಬೆಲೆ ಬಿದ್ದು, ಕಾರ್ಖಾನೆಗಳ ಬಾಕಿ ಬಾರದೆ ನಮ್ಮ ಜಿಲ್ಲೆಯಲ್ಲಿ ರೈತರು ಪ್ರಾಣ ಕಳೆದುಕೊಂಡ ಸುದ್ದಿ ದೇಶಕ್ಕೆಲ್ಲ ತಿಳಿಯಿತು. 2023ರಲ್ಲಿ ಮಳೆ ಕೈಕೊಟ್ಟು ಕನ್ನಂಬಾಡಿ ತುಂಬಲಿಲ್ಲ. ಹುಡುಗರು ಇದನ್ನೆಲ್ಲ ಕಣ್ಣಾರೆ ನೋಡಿ ಬೆಳೆದಿದ್ದಾರೆ. ಅವರು ಸೋಮಾರಿಗಳು ಎಂದು ಬೈಯುವುದರಲ್ಲಿ ನ್ಯಾಯವಿಲ್ಲ.

ನೀರಿನ ದಾರಿಯೂ ಮಕ್ಕಳ ದಾರಿಯೂ ಒಂದೇ ಆಗಿದೆ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ 1974ರಲ್ಲಿ ಕಾವೇರಿ ನೀರು ಬೆಂಗಳೂರಿಗೆ ಹೊರಟಿತು. ಸುಮಾರು 100 ಕಿಲೋಮೀಟರ್ ದೂರ, 500 ಮೀಟರ್‌ನಷ್ಟು ಎತ್ತರಕ್ಕೆ ಪಂಪು ಮಾಡುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಅದರ ಐದನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ 77 ಕೋಟಿ 50 ಲಕ್ಷ ಲೀಟರ್ ನೀರು. ಕುಡಿಯುವ ನೀರು ಬೇಡ ಎಂದು ಯಾರೂ ಹೇಳುವುದಿಲ್ಲ, ಕುಡಿಯುವವರಲ್ಲಿ ನಮ್ಮ ಮಕ್ಕಳೂ ಇದ್ದಾರೆ. ಆದರೆ 1902ರ ವಿದ್ಯುತ್ತಿನ ಕತೆ ನೆನಪಿಸಿಕೊಳ್ಳಿ. ಹುಟ್ಟುವುದು ಇಲ್ಲಿ, ಕೆಲಸ ಬೆಳೆಯುವುದು ಬೇರೆ ಕಡೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹತ್ತು ಪಥದ ಹೆದ್ದಾರಿಯೂ ಹಾಗೆಯೇ. ಬೆಂಗಳೂರು ಹತ್ತಿರವಾಯಿತು. ಮದ್ದೂರು, ಮಂಡ್ಯದ ಹೊರಗೆ ರಸ್ತೆ ಹಾದುಹೋದದ್ದರಿಂದ ಹಳೇ ರಸ್ತೆಯ ಹೋಟೆಲು, ಎಳನೀರು, ಅಂಗಡಿಗಳ ವ್ಯಾಪಾರ ಬಿತ್ತು.

ಮದುವೆಯ ಮಾತು

ಹಿಂದೆ ನಾಲೆ ಸೀಮೆಗೆ ಹೆಣ್ಣು ಕೊಡಲು ಮುಂದೆ ಬೀಳುತ್ತಿದ್ದರು ಎಂದು ಹೇಳಿದೆನಲ್ಲ, ಈಗಿನ ಸ್ಥಿತಿ ಎಲ್ಲರಿಗೂ ಗೊತ್ತು. 2022ರ ನವೆಂಬರ್‌ನಲ್ಲಿ ಆದಿಚುಂಚನಗಿರಿಯಲ್ಲಿ ನಡೆದ ವಧು ವರರ ಸಮಾವೇಶಕ್ಕೆ ಹೆಸರು ಬರೆಸಿದ ಹುಡುಗರು ಹನ್ನೊಂದು ಸಾವಿರಕ್ಕೂ ಹೆಚ್ಚು, ಹುಡುಗಿಯರು ಸುಮಾರು 250 ಎಂದು ಪತ್ರಿಕೆಗಳಲ್ಲಿ ಬಂತು. 2023ರ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮದುವೆಯಾಗದ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಹಲವರು ನಕ್ಕರು. ಆ ಹುಡುಗರ ತಾಯಂದಿರನ್ನು ಕೇಳಿದರೆ ಇದು ನಗುವ ವಿಷಯವಲ್ಲ ಎಂದು ತಿಳಿಯುತ್ತದೆ.

ಇದಕ್ಕೆ ಕಾರಣ ಎರಡು. ಒಂದು, ನಾವೇ ಮಾಡಿಕೊಂಡ ಪಾಪ. 2001ರ ಗಣತಿಯಲ್ಲಿ ನಮ್ಮ ಜಿಲ್ಲೆಯಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 934 ಹೆಣ್ಣುಮಕ್ಕಳು ಇದ್ದರು. 2011ರಲ್ಲಿ 939. ಅವತ್ತು ಆ ಲೆಕ್ಕದಲ್ಲಿದ್ದ ಮಕ್ಕಳೇ ಇವತ್ತು ಮದುವೆ ವಯಸ್ಸಿನವರು. ಕಾನೂನು ಇದ್ದರೂ ಭ್ರೂಣ ಪತ್ತೆ ನಿಂತಿಲ್ಲ. 2023ರಲ್ಲಿ ಮಂಡ್ಯದ ಹತ್ತಿರ ಒಂದು ಆಲೆಮನೆಯಲ್ಲೇ ಯಂತ್ರ ಇಟ್ಟುಕೊಂಡು ಈ ದಂಧೆ ನಡೆಸಿದ್ದು ಪೊಲೀಸರ ಕೈಗೆ ಸಿಕ್ಕಿತು. ಬೆಲ್ಲ ಮಾಡುವ ಜಾಗದಲ್ಲಿ ಇಂಥ ಕೆಲಸ ಎಂದರೆ ತಲೆ ತಗ್ಗಿಸಬೇಕು.

ಆದರೆ ಸಾವಿರಕ್ಕೆ ಅರವತ್ತು ಚಿಲ್ಲರೆ ಕೊರತೆಯಿಂದ ಮಾತ್ರ ಇಷ್ಟು ಹುಡುಗರು ಉಳಿಯುವುದಿಲ್ಲ. ಎರಡನೆಯ ಕಾರಣ ಇನ್ನೂ ದೊಡ್ಡದು. ಓದಿದ ಹೆಣ್ಣುಮಗಳು ರೈತನ ಮನೆ ಬೇಡ ಅನ್ನುತ್ತಾಳೆ. ಯಾಕೆ ಅನ್ನುತ್ತಾಳೆ? ಅವಳ ತಾಯಿ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಸಗಣಿ ಬಾಚಿ, ಹುಲ್ಲು ಹೊತ್ತು, ಹಾಲು ಕರೆದು, ಆ ಹಾಲಿನ ದುಡ್ಡು ಇನ್ನೊಬ್ಬರ ಹೆಸರಿನ ಪಾಸ್‌ಬುಕ್ಕಿಗೆ ಹೋಗುವುದನ್ನು ಅವಳು ನೋಡಿದ್ದಾಳೆ. ನಮ್ಮ ಮನೆ ಮಗಳಿಗೆ ವರ ನೋಡುವಾಗ ನಾವೇ “ಬೆಂಗ್ಳೂರಲ್ಲಿ ಕೆಲ್ಸ ಇದ್ರೆ ಮಾತ್ರ” ಎನ್ನುತ್ತೇವೆ. ನಮ್ಮ ಮಗನಿಗೆ ಮಾತ್ರ ಬೇಸಾಯದ ಮನೆಗೆ ಬರುವ ಹೆಣ್ಣು ಬೇಕು. ತಕ್ಕಡಿ ಎರಡೂ ಕಡೆ ಒಂದೇ ಇರಬೇಕಲ್ಲವೇ?

ನಮ್ಮ ಸಂಘ ಏನು ಮಾಡಬಹುದು

ನೂರು ವರ್ಷದ ಈ ಕತೆಯಲ್ಲಿ ನನಗೆ ಕಾಣುವುದು ಇಷ್ಟು. ದಿನವೂ ಕೆಲಸ, ತಪ್ಪದೆ ದುಡ್ಡು, ಮನುಷ್ಯನಿಗೆ ಮರ್ಯಾದೆ, ಈ ಮೂರು ಇರುವ ಕಡೆಗೆ ಜನ ಹೋಗುತ್ತಾರೆ. 1930ರ ದಶಕದಲ್ಲಿ ನಾಲೆ ಬಯಲಿನಲ್ಲಿ ಅದು ಇತ್ತು, ಜನ ಬಂದರು. ಈಗ ಬೇಸಾಯದಲ್ಲಿ ಇಲ್ಲ, ಹೋಗುತ್ತಾರೆ. ಹಳ್ಳಿಯಲ್ಲಿ ಇಪ್ಪತ್ತು ಗುಂಟೆಯವನಿಗೂ ವರ್ಷವೆಲ್ಲ ದಿನಗೂಲಿಯಂತೆ ದುಡ್ಡು ಕೊಡುವ ಕಸುಬು ಇಂದಿಗೂ ಹೈನುಗಾರಿಕೆ ಮಾತ್ರ. ಕಬ್ಬಿನ ಬಿಲ್ಲು ವರ್ಷಕ್ಕೊಮ್ಮೆ, ಅದೂ ಕಾಯಬೇಕು. ಹಾಲಿನ ಬಟವಾಡೆ ತಪ್ಪುವುದಿಲ್ಲ. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾದ ಸರ್ಕಾರದ ಪ್ರೋತ್ಸಾಹಧನ ಆಮೇಲೆ 5 ರೂಪಾಯಿಗೆ ಏರಿತು. ಇದೂ ನೆರವಾಗಿದೆ.

ಆದ್ದರಿಂದ ಈ ಬೆಳ್ಳಿ ಹಬ್ಬದ ವರ್ಷದಲ್ಲಿ ಆಡಳಿತ ಮಂಡಳಿಯ ಒಬ್ಬ ನಿರ್ದೇಶಕನಾಗಿ ನಾಲ್ಕು ಸಲಹೆಗಳನ್ನು ಸರ್ವ ಸದಸ್ಯರ ಮುಂದೆ ಇಡುತ್ತೇನೆ.

ಒಂದು, ಯಾರು ಹಾಲು ಕರೆಯುತ್ತಾರೋ ಅವರ ಹೆಸರಿನಲ್ಲಿ ಸದಸ್ಯತ್ವ ಮತ್ತು ಬ್ಯಾಂಕ್ ಖಾತೆ ಇರಲಿ. ಗಂಡ ಬೆಂಗಳೂರಿನಲ್ಲಿ, ಹಸು ಹೆಂಡತಿಯ ಕೈಯಲ್ಲಿ, ಷೇರು ಮಾತ್ರ ಗಂಡನ ಹೆಸರಲ್ಲಿ ಎಂದರೆ ಸಭೆಗೆ ಬರುವವರು ಯಾರು? ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ ಮೀಸಲಾದ ಸ್ಥಾನ ಇದೆ. ಆ ಸ್ಥಾನದಲ್ಲಿ ಕೂರುವವರು ಮಾತಾಡುವಂತಾಗಲಿ, ಅವರ ಪರವಾಗಿ ಗಂಡಂದಿರು ಮಾತಾಡುವುದು ನಿಲ್ಲಲಿ.

ಎರಡು, ಸಂಘದ ವತಿಯಿಂದ ಊರಿನ ಮನೆಮನೆಯ ಲೆಕ್ಕ ಬರೆಯೋಣ. ಮನೆಯಲ್ಲಿ ಎಷ್ಟು ಜನ, ಹೊರಗೆ ಎಷ್ಟು ಜನ, ಯಾವ ಕೆಲಸ, ಹಸು ಎಷ್ಟು, ನೋಡಿಕೊಳ್ಳುವವರ ವಯಸ್ಸೆಷ್ಟು. 2021ರಲ್ಲಿ ಆಗಬೇಕಿದ್ದ ಜನಗಣತಿ ಕೊರೊನಾದಿಂದ ಮುಂದಕ್ಕೆ ಹೋಯಿತು. 2027ರ ಮಾರ್ಚ್ 1ನ್ನು ಲೆಕ್ಕದ ದಿನವೆಂದು ಗೊತ್ತುಮಾಡಿ 2025ರ ಜೂನ್‌ನಲ್ಲಿ ಸರ್ಕಾರ ಪ್ರಕಟಣೆ ಹೊರಡಿಸಿತು. ಆ ಲೆಕ್ಕ ಜಿಲ್ಲೆಯದು. ನಮ್ಮ ಊರಿನ ಲೆಕ್ಕ ನಮ್ಮ ಪುಸ್ತಕದಲ್ಲಿ ಇರಲಿ.

ಮೂರು, ಊರಿನಲ್ಲೇ ಉಳಿದು ಹತ್ತು ಹಸು ಕಟ್ಟುವ ಹುಡುಗನಿಗೆ ಸಂಘದ ಬೆಂಬಲ ಇರಲಿ. ಮೇವು ಕತ್ತರಿಸುವ ಯಂತ್ರ, ಹಾಲು ಕರೆಯುವ ಯಂತ್ರ ಒಬ್ಬೊಬ್ಬರು ಕೊಳ್ಳಲಾಗದಿದ್ದರೆ ನಾಲ್ಕು ಜನ ಸೇರಿ ಕೊಳ್ಳುವುದಕ್ಕೆ ದಾರಿ ಮಾಡೋಣ. ವಯಸ್ಸಾದ ದಂಪತಿಗಳೇ ಇರುವ ಮನೆಗಳಿಗೆ ಹಾಲು ತರುವುದಕ್ಕೆ, ಮೇವು ಒದಗಿಸುವುದಕ್ಕೆ ಒಬ್ಬ ಹುಡುಗನನ್ನು ನೇಮಿಸಿದರೆ ಅವರ ಹಸುವೂ ಉಳಿಯುತ್ತದೆ, ಅವನಿಗೂ ಕೆಲಸವಾಗುತ್ತದೆ.

ನಾಲ್ಕು, ಊರಿನಲ್ಲಿ ಉಳಿದವನನ್ನು “ಏನೂ ಆಗಲಿಲ್ಲ, ಅದಕ್ಕೆ ಇಲ್ಲೇ ಇದ್ದಾನೆ” ಎನ್ನುವ ಮಾತು ಬಿಡೋಣ. ಹೋದವನನ್ನು “ಊರು ಮರೆತ” ಎನ್ನುವ ಮಾತನ್ನೂ ಬಿಡೋಣ. ಹೋದವರಲ್ಲಿ ಯಾರು ಒಳ್ಳೆಯ ಕೆಲಸದಲ್ಲಿದ್ದಾರೋ ಅವರು ವರ್ಷಕ್ಕೊಂದು ದಿನ ಬಂದು ಹತ್ತನೇ ತರಗತಿಯ ಮಕ್ಕಳಿಗೆ ಯಾವ ಓದಿಗೆ ಯಾವ ಕೆಲಸ, ಎಷ್ಟು ಸಂಬಳ, ಎಷ್ಟು ಬಾಡಿಗೆ ಎಂದು ನಿಜವಾದ ಲೆಕ್ಕ ಹೇಳಲಿ. ಹೋಗುವವನು ತಿಳಿದು ಹೋಗಲಿ, ಉಳಿಯುವವನು ತಿಳಿದು ಉಳಿಯಲಿ.

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಹಾಲಿನ ಸಂಘದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಕೆಸರು ಒಬ್ಬರ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ ಆದರೆ ಆ ಮನೆ, ಆ ಊರು ಉಳಿಯುವುದು ಕಷ್ಟ. ಸಂಘದ ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬರೆಯಲು, ಅದನ್ನು ಓದಲು ಈ ಊರಿನಲ್ಲಿ ಜನ ಇರಲಿ ಎಂದು ಗ್ರಾಮದೇವತೆಯಲ್ಲಿ ಪ್ರಾರ್ಥಿಸುತ್ತೇನೆ.

ಜೈ ಸಹಕಾರ.